ಗಡಿಯಾರ ಮಾವನ ಬಲಗಣ್ಣು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರನ್ನು ಎಲ್ಲರೂ ಗಡಿಯಾರ ಮಾವ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವರ ರಿಪೇರಿ ಅಂಗಡಿ. ಕಿಟಕಿಗೆ ಒತ್ತಿಕೊಂಡಂತೆ ಒಂದು ಉದ್ದನೆಯ ಮೇಜು. ಅದರ ಒಂದು ತುದಿಯಲ್ಲಿ ಮಾವ, ಇನ್ನೊಂದು ತುದಿಯಲ್ಲಿ ಅವರ ಕೈಕೆಳಗೇ ಕೆಲಸ ಕಲಿತ ಸೊಸೆ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ ಮಾತ್ರ ಇಬ್ಬರಿಗೂ ಒಂದೇ. ಅವರು ತೆಗೆದಿಟ್ಟರೆ ಇವಳು ಸಿಕ್ಕಿಸಿಕೊಳ್ಳುವಳು.

ಒಂದು ಬೆಳಿಗ್ಗೆ ಮಾವನಿಗೆ ಬಲಗಣ್ಣು ಬಿಡಲಾಗಲಿಲ್ಲ. ರೆಪ್ಪೆಗಳು ಅಂಟು ಹಾಕಿದಂತೆ ಕೂತುಬಿಟ್ಟಿದ್ದವು. ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆ ಕಣ್ಣೇನೋ ತೆರೆಯಿತು, ಆದರೆ ಒಳಗೆಲ್ಲ ಕೆಂಪು, ಮೂಲೆಯಲ್ಲಿ ಹಳದಿ ಗೀಜು.

"ಧೂಳು ಬಿದ್ದಿರ್ಬೇಕು ಬಿಡು," ಎಂದರು ಮಾವ, ಕಣ್ಣು ಉಜ್ಜಿಕೊಳ್ಳುತ್ತಾ.

"ಧೂಳು ಬಿದ್ರೆ ಹಿಂಗೆ ಗೀಜು ಕಟ್ಟುತ್ತಾ? ಮೊದ್ಲು ಹೋಗಿ ತೋರಿಸ್ಕೊಂಡು ಬನ್ನಿ," ಎಂದರು ಅವರ ಹೆಂಡತಿ, ಬೀದಿಗೆಲ್ಲ ಅತ್ತೆ. "ಆ ಕಣ್ಣಿಂದಾನೇ ನಮ್ಮನೆ ನಡೀತಿರೋದು."

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ, ಇದು ಬ್ಯಾಕ್ಟೀರಿಯಾದಿಂದ ಬಂದ ಸೋಂಕು ಎಂದು ಹೇಳಿ, ಆ್ಯಂಟಿಬಯೋಟಿಕ್ ಹನಿ ಬರೆದುಕೊಟ್ಟರು. "ಬೇಗ ವಾಸಿ ಆದಂಗೆ ಕಾಣುತ್ತೆ. ಆದ್ರೂ ನಾನು ಹೇಳಿರೋಷ್ಟು ದಿನ ಹಾಕ್ಲೇಬೇಕು, ನಡುವೆ ಬಿಡ್ಬೇಡಿ," ಎಂದರು. ಮಾವ ತಲೆಯಾಡಿಸಿದರು. ಆದರೆ ಕೇಳಿಸಿಕೊಂಡದ್ದು ಅರ್ಧವೇ. ಅವರ ಗಮನವೆಲ್ಲ ಆಸ್ಪತ್ರೆಯ ಗೋಡೆಯ ಮೇಲೆ ನಿಧಾನವಾಗಿ ಓಡುತ್ತಿದ್ದ ಗಡಿಯಾರದ ಮೇಲಿತ್ತು.

ಮನೆಯಲ್ಲಿ ಮಾವ ಒಬ್ಬರೇ ಕನ್ನಡಿ ಮುಂದೆ ನಿಂತು ಔಷಧಿ ಹಾಕಿಕೊಳ್ಳುವರು. ಗಡಿಯಾರದ ಎಣ್ಣೆ ಮೆತ್ತಿದ ಕೈಯಲ್ಲೇ. ಬಾಟಲಿಯ ತುದಿ ರೆಪ್ಪೆಗೆ ತಾಗುತ್ತಿತ್ತು. ಕಣ್ಣಿಗೆ ಬಿದ್ದದ್ದಕ್ಕಿಂತ ಕೆನ್ನೆಗೆ ಇಳಿದದ್ದೇ ಹೆಚ್ಚು.

"ಡಾಕ್ಟರು ಔಷಧಿ ಬರ್ಕೊಟ್ಟಿದ್ದು ಕಣ್ಣಿಗಾ, ಗಡ್ಡಕ್ಕಾ?" ಎಂದು ಅತ್ತೆ ನಗುತ್ತಿದ್ದರು.

ಅಷ್ಟಾದರೂ ಕೆಂಪು ಇಳಿಯಿತು. ಮಾವ ಅಲ್ಲಿಗೇ ಔಷಧಿ ನಿಲ್ಲಿಸಿಬಿಟ್ಟರು. ಒಡೆದ ಸ್ಪ್ರಿಂಗನ್ನೂ ಎಸೆಯದ ಮನುಷ್ಯ ಅವರು. ಉಳಿದ ಔಷಧಿ ಮುಂದೆ ಯಾರಿಗಾದರೂ ಆದೀತು ಎಂದು ಬಾಟಲಿಯನ್ನು ಮೇಜಿನ ಡ್ರಾಯರಿನಲ್ಲಿ ಜೋಪಾನವಾಗಿ ಇಟ್ಟರು.

ಆ ವಾರದಲ್ಲೇ ಸೊಸೆಗೆ ಎರಡೂ ಕಣ್ಣು ತುರಿಸತೊಡಗಿದವು. ಕೆಲಸ ಮಾಡುವಾಗ ನೀರು ಧಾರಾಕಾರ. ಮಾವನಿಗೆ ಅವಳೆಂದರೆ ಮಗಳಿಗಿಂತ ಹೆಚ್ಚು. ತಕ್ಷಣ ಡ್ರಾಯರು ಎಳೆದರು.

"ತಗೋಮ್ಮ, ನಂದೇ ಇದೆ. ಎರಡು ಹನಿ ಬಿಡ್ಕೋ. ಸಂಜೆಗೆ ಸರಿಹೋಗುತ್ತೆ."

ಸೊಸೆ ಮುಚ್ಚಳ ತೆಗೆದು ತಲೆ ಹಿಂದಕ್ಕೆ ಬಾಗಿಸಿದಳು. ಅದೇ ಹೊತ್ತಿಗೆ ಮೇಲಿನ ಮನೆಯ ನರ್ಸ್ ತನ್ನ ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಒಳಗೆ ಬಂದಳು. ಅವಳು ಅದೇ ಕಣ್ಣಾಸ್ಪತ್ರೆಯವಳು. ಮಾವ ಅವಳನ್ನು ಸಿಸ್ಟರ್ ಎನ್ನುತ್ತಿದ್ದರು, ಅವಳು ಅವರನ್ನು ಅಂಕಲ್ ಎನ್ನುತ್ತಿದ್ದಳು. ಇದು ಯಾವ ಲೆಕ್ಕದ ಸಂಬಂಧ ಎಂದು ಅತ್ತೆ ದಿನಾ ರೇಗಿಸುವರು.

"ಅಯ್ಯೋ, ತಡೀರಿ ತಡೀರಿ! ಅದು ಯಾರ ಔಷಧಿ?"

"ಮಾವಂದು."

"ಹಾಗಾದ್ರೆ ಕೆಳಗಿಡಿ. ಅದರ ತುದಿ ಅವರ ಕಣ್ಣಿಗೆ ತಾಗಿರುತ್ತೆ. ಅವರ ಸೋಂಕು ನಿಮಗೆ ಅಂಟ್ಕೊಳ್ಳುತ್ತೆ. ಅಲ್ದೆ ನಿಮ್ಮ ಕಣ್ಣಿಗೆ ಬಂದಿರೋದು ಅದೇ ಕಾಯಿಲೆ ಅಂತ ಯಾರು ಹೇಳಿದ್ರು?"

ಮಾವನ ಮುಖ ಬಾಡಿತು. "ಏನಮ್ಮ ಸಿಸ್ಟರ್, ನನ್ನ ಸೊಸೆಗೆ ನಾನೇನು ವಿಷ ಕೊಡ್ತೀನಾ? ಕಣ್ಣು ಕೆಂಪಾಗಿದೆ, ಕಣ್ಣಿನ ಔಷಧಿ ಇದೆ. ಅಷ್ಟೇ ತಾನೆ?"

"ನೀವು ಪ್ರೀತಿಯಿಂದಾನೇ ಕೊಟ್ರಿ ಅಂಕಲ್, ಅದು ಗೊತ್ತು. ಆದ್ರೆ ಕಣ್ಣು ಕೆಂಪಾಗೋಕೆ ನೂರೆಂಟು ಕಾರಣ. ಬ್ಯಾಕ್ಟೀರಿಯಾ ಇರಬಹುದು, ವೈರಸ್ ಇರಬಹುದು, ಅಲರ್ಜಿ ಇರಬಹುದು. ಈ ಹನಿ ಕೆಲಸ ಮಾಡೋದು ಬ್ಯಾಕ್ಟೀರಿಯಾ ಮೇಲೆ ಮಾತ್ರ."

"ಹೌದು ಮಾವ," ಎಂದಳು ಸೊಸೆ ಮೆಲ್ಲಗೆ, "ವಾಚ್ ನಿಂತಿದೆ ಅಂತ ಯಾರಾದ್ರೂ ತಂದ್ರೆ ನೀವು ಬಿಚ್ಚಿ ನೋಡ್ದೆ ಸೆಲ್ ಹಾಕ್ತೀರಾ?"

ಮಾವ ಬಾಟಲಿ ಎತ್ತಿಕೊಂಡು ಡ್ರಾಯರಿನತ್ತ ಕೈ ಚಾಚಿದರು.

"ಬಾಟಲಿ ಇನ್ನೂ ಅರ್ಧ ತುಂಬಿದೆಯಲ್ಲ. ಡಾಕ್ಟರು ಹೇಳಿದಷ್ಟು ದಿನ ಹಾಕಿದ್ರಾ?" ಎಂದು ನರ್ಸ್ ಕೇಳಿದಳು.

"ಗುಣ ಆಯ್ತಲ್ಲಮ್ಮ!"

"ಕಣ್ಣಿಗೆ ಕಾಣೋ ಕೆಂಪು ಹೋಗಿರುತ್ತೆ. ರೋಗಾಣು ಪೂರ್ತಿ ಸತ್ತಿರಲ್ಲ. ಉಳಿದವು ಮತ್ತೆ ತಲೆ ಎತ್ತುತ್ತವೆ. ನಾಳೆ ಇಬ್ರೂ ಬಂದು ತೋರಿಸ್ಕೊಳ್ಳಿ."

ಸೊಸೆ ಒಪ್ಪಿದಳು. ಮಾವ ಮಾತ್ರ, "ನನ್ನ ಕಣ್ಣಿಗೇನಾಗಿದೆ, ಕಲ್ಲಿನ ಹಾಗಿದೆ," ಎಂದು ಗೊಣಗುತ್ತಾ ಕೆಲಸಕ್ಕೆ ಕೂತರು.

ಮರುದಿನ ಬೆಳಿಗ್ಗೆ ಮಾವ ಯಾರಿಗೂ ಮುಖ ಕೊಡದೆ ಮೇಜಿನ ಮುಂದೆ ಕೂತಿದ್ದರು. ದೀಪ ಹಾಕಿರಲಿಲ್ಲ. ಒಂದು ಸಣ್ಣ ಸ್ಕ್ರೂ ಚಿಮುಟದಿಂದ ಜಾರಿತು. ಎತ್ತಿಕೊಂಡರು, ಮತ್ತೆ ಜಾರಿತು. ಸೊಸೆ ಹೋಗಿ ದೀಪ ಹಾಕಿದಳು. ಮಾವ ಹೊಡೆತ ತಿಂದವರಂತೆ ಮುಖ ತಿರುಗಿಸಿದರು.

"ಆರಿಸಮ್ಮ, ಚುಚ್ಚುತ್ತೆ."

ಬಲಗಣ್ಣು ಮೊದಲಿಗಿಂತ ಕೆಂಪಾಗಿತ್ತು. ಸೊಸೆ ಅವರ ಎಡಗಣ್ಣನ್ನು ತನ್ನ ಅಂಗೈಯಿಂದ ಮರೆ ಮಾಡಿ, ಎದುರಿನ ಗೋಡೆ ತೋರಿಸಿದಳು.

"ಗಂಟೆ ಎಷ್ಟು ಹೇಳಿ ಮಾವ."

ಗೋಡೆಯ ತುಂಬ ಗಡಿಯಾರಗಳು. ಮಾವ ನೋಡಿದರು, ನೋಡುತ್ತಲೇ ಇದ್ದರು.

"ಮುಳ್ಳು ಕಾಣ್ತಿಲ್ಲಮ್ಮ," ಎಂದರು.

ಅತ್ತೆ ಅವತ್ತು ಯಾವ ತಮಾಷೆಯನ್ನೂ ಮಾಡಲಿಲ್ಲ. ಅಂಗಡಿಗೆ ಬೀಗ ಹಾಕಿ ಮೂವರೂ ಹೊರಟರು.

ಡಾಕ್ಟರಮ್ಮ ಮಾವನ ಕಣ್ಣಿಗೆ ಒಂದು ಬಣ್ಣದ ಹನಿ ಬಿಟ್ಟು, ನೀಲಿ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು. "ಕಪ್ಪುಗುಡ್ಡೆ ಮೇಲೆ ಒಂದು ತಿಳಿ ಪೊರೆ ಇರುತ್ತೆ. ಅದರಲ್ಲಿ ಸಣ್ಣ ಹುಣ್ಣಾಗಿದೆ," ಎಂದರು.

ಮಾವ ಕುರ್ಚಿಯ ಅಂಚಿಗೆ ಸರಿದರು. "ನಾನು ಮತ್ತೆ ಕೆಲಸ ಮಾಡ್ಬಹುದಾ ತಾಯಿ?"

"ಇವತ್ತೇ ಬಂದಿದ್ದು ಒಳ್ಳೇದಾಯ್ತು. ತಡ ಮಾಡಿದ್ರೆ ಹುಣ್ಣು ಆಳಕ್ಕಿಳಿದು ಕಲೆ ಉಳಿಯುತ್ತೆ, ನೋಟ ಮಸುಕಾಗುತ್ತೆ. ಈಗ ಬೇರೆ ಔಷಧಿ ಕೊಡ್ತೀನಿ, ಅದನ್ನ ಪದೇಪದೇ ಹಾಕ್ಬೇಕು. ಕಣ್ಣು ಉಜ್ಜಬಾರದು. ನಾನು ಕರೆದಾಗೆಲ್ಲ ಬರ್ಬೇಕು. ಮಾಡ್ತೀರಾ?"

"ನಾನು ಮಾಡ್ಸ್ತೀನಿ," ಎಂದರು ಅತ್ತೆ.

ಸೊಸೆಯ ಕಣ್ಣಿಗೆ ಬಂದದ್ದು ಅಲರ್ಜಿ. ಆ್ಯಂಟಿಬಯೋಟಿಕ್ ಬೇಕೇ ಇರಲಿಲ್ಲ. ಅವಳ ಔಷಧಿಯೇ ಬೇರೆ. ಅದನ್ನು ಕೇಳಿ ಮಾವ ಅವಳ ಕಡೆ ತಿರುಗಿದರು. "ನಿನ್ನೆ ಅದನ್ನ ನಿನ್ನ ಕಣ್ಣಿಗೆ ಹಾಕ್ಸಿಬಿಡ್ತಿದ್ನಲ್ಲಮ್ಮ," ಎಂದರು. ಅವಳು ಅವರ ಕೈ ಹಿಡಿದುಕೊಂಡಳು.

ಸಂಜೆ ನರ್ಸ್ ಬಂದು ಔಷಧಿ ಹಾಕುವ ರೀತಿ ತೋರಿಸಿದಳು. ಅತ್ತೆ ಸೋಪು ಹಚ್ಚಿ ಕೈ ತೊಳೆದು, ಒರೆಸಿಕೊಂಡು ನಿಂತರು. ಮಾವ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿದರು.

"ಕೆಳಗಿನ ರೆಪ್ಪೆ ಮೆತ್ತಗೆ ಕೆಳಗೆಳೀರಿ ಆಂಟಿ. ಅಲ್ಲಿ ಒಂದು ಪುಟ್ಟ ಜೇಬು ಥರ ಆಗುತ್ತಲ್ಲ, ಅದರೊಳಗೆ ಒಂದೇ ಹನಿ. ತುದಿ ಕಣ್ಣಿಗಾಗ್ಲಿ ರೆಪ್ಪೆಗಾಗ್ಲಿ ತಾಗ್ಬಾರ್ದು."

"ಒಂದೇ ಸಾಕಾ?" ಎಂದರು ಮಾವ.

"ಕಣ್ಣಲ್ಲಿ ಹಿಡಿಯೋದೇ ಒಂದು ಹನಿ ಅಂಕಲ್. ಉಳಿದದ್ದು ನಿಮ್ಮ ಗಡ್ಡಕ್ಕೇ. ಈಗ ಕಣ್ಣು ಮುಚ್ಚಿ. ಹಿಂಡ್ಕೋಬೇಡಿ, ಸುಮ್ನೆ ಮುಚ್ಚಿ. ಮೂಗಿನ ಪಕ್ಕ, ಕಣ್ಣಿನ ಮೂಲೆಯನ್ನ ಬೆರಳಿಂದ ಸ್ವಲ್ಪ ಹೊತ್ತು ಒತ್ತಿ ಹಿಡೀರಿ. ಔಷಧಿ ಗಂಟಲಿಗೆ ಇಳಿಯಲ್ಲ."

ಹನಿ ಹಾಕಿದ ಮೇಲೆ ಸ್ವಲ್ಪ ಹೊತ್ತು ನೋಟ ಮಂಜಾಗಬಹುದು, ಆಗ ಗಾಡಿ ಓಡಿಸಬಾರದು ಎಂದಳು. ಎರಡು ಬಗೆಯ ಹನಿ ಕೊಟ್ಟಿದ್ದರೆ ನಡುವೆ ಐದು ನಿಮಿಷವಾದರೂ ಬಿಡಬೇಕು. ರೆಪ್ಪೆ ಊದಿಕೊಂಡರೆ, ತುರಿಕೆ ಹೆಚ್ಚಾದರೆ ಕೂಡಲೇ ಡಾಕ್ಟರಿಗೆ ಹೇಳಬೇಕು. ಹಳೆಯ ಬಾಟಲಿಯನ್ನು ಆಸ್ಪತ್ರೆಯ ಔಷಧಿ ಕಸದ ಡಬ್ಬಿಗೆ ಹಾಕಲು ತಾನೇ ತೆಗೆದುಕೊಂಡು ಹೋದಳು. ಮಾವ ಒಂದು ಗಳಿಗೆ ಅದನ್ನೇ ನೋಡಿದರು, ಬೇಡ ಎನ್ನಲಿಲ್ಲ.

ಅತ್ತೆ ಒಂದು ಹೊತ್ತೂ ತಪ್ಪಿಸಲಿಲ್ಲ. ಮಾವನ ಟವೆಲು, ದಿಂಬಿನ ಚೀಲ ಬೇರೆಯಾದವು. ಸೊಸೆ ಭೂತಗನ್ನಡಿಯನ್ನು ಸೋಪಿನಲ್ಲಿ ತೊಳೆದು ಮಾವನಿಗೇ ಬಿಟ್ಟು, ತನಗೆ ಹೊಸದೊಂದು ತಂದುಕೊಂಡಳು. ನೋವು ಮೊದಲು ಹೋಯಿತು, ಆಮೇಲೆ ಕೆಂಪು. "ಈಗ ನಿಲ್ಲಿಸ್ಬಹುದೇನೋ," ಎಂದು ನೆರೆಮನೆಯ ಕ್ಷೌರಿಕ ಹೇಳಿದಾಗ ಮಾವನೇ, "ಅದನ್ನ ಹೇಳ್ಬೇಕಾದವರು ಡಾಕ್ಟರು, ನೀನು ಕೂದಲು ನೋಡ್ಕೋ," ಎಂದರು.

ಹುಣ್ಣು ಪೂರ್ತಿ ಮಾಯಿತು ಎಂದು ಡಾಕ್ಟರಮ್ಮ ಹೇಳಿದ ದಿನ ಮಾವ ನೇರವಾಗಿ ಮೇಜಿಗೆ ಬಂದರು. ಒಂದು ಹೆಂಗಸಿನ ವಾಚು ಬಿಚ್ಚಿ, ಅದರೊಳಗಿನ ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಿಂದ ಎತ್ತಿ ಹಿಡಿದರು. ಒಂದೇ ಸಲಕ್ಕೆ ಜಾಗಕ್ಕೆ ಕೂತಿತು. ಸೊಸೆ ತನ್ನ ಕೆಲಸ ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಏಯ್, ಉಜ್ಜಬೇಡ!" ಎಂದರು ಮಾವ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕಪಾಟಿನಲ್ಲೂ ಯಾರೋ ಬಳಸಿ ಬಿಟ್ಟ ಕಣ್ಣಿನ ಔಷಧಿ ಇದ್ದೀತು. ಇವತ್ತೇ ಒಮ್ಮೆ ತೆಗೆದು ನೋಡಿ. ಮುಚ್ಚಳ ತೆರೆದು ತಿಂಗಳು ದಾಟಿದ್ದನ್ನು ಇಟ್ಟುಕೊಳ್ಳಬೇಡಿ. ಒಬ್ಬರ ಹನಿ ಇನ್ನೊಬ್ಬರ ಕಣ್ಣಿಗೆ ಬೇಡ. ಡಾಕ್ಟರು ಬರೆದುಕೊಡದೆ ಅಂಗಡಿಯಿಂದ ತರುವುದೂ ಬೇಡ. ಬರೆದುಕೊಟ್ಟರೆ, ಹೇಳಿದಷ್ಟು ದಿನ ಪೂರ್ತಿ ಹಾಕಿ. ಕಣ್ಣು ನೋಯುತ್ತಿದ್ದರೆ, ಬೆಳಕು ಚುಚ್ಚುತ್ತಿದ್ದರೆ, ನೋಟ ಮಸುಕಾದರೆ ನಾಳೆ ಎನ್ನಬೇಡಿ. ಈಗಲೇ ಎದ್ದು ಕಣ್ಣಾಸ್ಪತ್ರೆಗೆ ಹೋಗಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಮನೆಯವರ ಕೈ ಹಿಡಿದುಕೊಂಡು ಹೋಗಿ.