ಬಾಯ್ತುಂಬ ನೀರು

ಅಂಟಿನ ವಾಸನೆ, ಹೌದು, ಹಿಟ್ಟು ಕುದಿಸಿದ ಅಂಟಿನದೇ, ಈ ಓಣಿಯಲ್ಲಿ ಇನ್ನೂ ಯಾರೋ ಬಾಗಿಲಿನ ಮರದ ಚೌಕಟ್ಟಿಗೆ ಕಾಗದ ಹಚ್ಚುತ್ತಿದ್ದಾರೆ, ಓಕ್‌ಬುನ್ ನಿಂತಳು, ಹಾಳು ಮೊಣಕಾಲು, ಬುಕ್‌ಚೋನಿನ ಈ ಏರು ಮೊದಲು ಇಷ್ಟು ಕಡಿದಾಗಿತ್ತೇ — ಹೆಂಚಿನ ಸೂರುಗಳು ಒಂದಕ್ಕೊಂದು ತಾಗಿಕೊಂಡು, ಬಾಡಿಗೆಗೆ ತಂದ ಹಳೇ ಕಾಲದ ಹನ್‌ಬೊಕ್ ಉಟ್ಟ ಹುಡುಗಿಯರು ಲಂಗ ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತ, ಇಲ್ಲಿ ಜನ ವಾಸವಿದ್ದಾರೆ ಮೆಲ್ಲಗೆ ಮಾತಾಡಿ ಅಂತ ಗೋಡೆಯ ಮೇಲೆ ಬೋರ್ಡು, ಯಾವ ಜನವಮ್ಮಾ, ಇದ್ದವರೆಲ್ಲ ಅಪಾರ್ಟ್‌ಮೆಂಟಿಗೆ ಹೋದರು, ನಾವೂ ಹೋದೆವು, ಗಾಜಿನ ಕಿಟಕಿ, ಇನ್ನು ಕಾಗದ ಹಚ್ಚುವ ಪೀಡೆ ಇಲ್ಲ ಎಂದು ಖುಷಿಪಟ್ಟವಳು ತಾನೇ, ಗಂಡ ದಲ್ಸುವಿನ ಮುಖ ಸಪ್ಪಗಾದದ್ದನ್ನು ನೋಡಿಯೂ ನೋಡದ ಹಾಗೆ. ಸಂಜೆಯೊಳಗೆ ಹೇಳಬೇಕಂತೆ, ಇವರಿಗೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕುವುದೋ ಬೇಡವೋ, ಅವರಿಗೆ ಏನೂ ತಿಳಿಯೋದಿಲ್ಲ ಅಜ್ಜಿ, ನುಂಗೋದನ್ನೇ ಮರೆತಿದ್ದಾರೆ, ನೀವೇ ತೀರ್ಮಾನ ಮಾಡಿ ಅಂದರು ಡಾಕ್ಟರು, ಮಗಳು ಫೋನಿನಲ್ಲಿ ಅತ್ತಳು, ಸಾಕಮ್ಮಾ, ಅಪ್ಪನ್ನ ಇನ್ನು ಹಿಂಸೆ ಮಾಡೋದು ಬೇಡ. ಬೇಡ. ಬೇಡ ಅಂದುಬಿಡಬೇಕು, ಆ ಒಂದು ಮಾತನ್ನು ಬಾಯಿಗೆ ತಂದುಕೊಳ್ಳಲೆಂದೇ ಆಸ್ಪತ್ರೆಯಿಂದ ಹೊರಬಿದ್ದದ್ದು, ಕಾಲು ತಾನಾಗಿ ಹಳೇ ಓಣಿಗೆ ಎಳೆದು ತಂದಿತು.

ತೆರೆದ ಗೇಟಿನೊಳಗೆ ಅಂಗಳ, ಹೊಸ ಕಾಗದ ಹಚ್ಚಿದ ಬಾಗಿಲಿನ ಚೌಕಟ್ಟನ್ನು ಗೋಡೆಗೆ ಒರಗಿಸಿ ಯಾರೋ ಯುವಕ ಪ್ಲಾಸ್ಟಿಕ್ ಬಾಟಲಿಯಿಂದ ಫುಸ್ ಫುಸ್ ಎಂದು ನೀರು ಹೊಡೆಯುತ್ತಿದ್ದಾನೆ, ಥೂ, ಹಾಗಲ್ಲ ಕಣಪ್ಪಾ, ಇವರಾಗಿದ್ದರೆ — ಚಳಿ ಬೀಳುವ ಮೊದಲು ಒಳ್ಳೆ ಬಿಸಿಲು ನೋಡಿ ಬಾಗಿಲುಗಳನ್ನೆಲ್ಲ ಕಳಚಿ, ಹಳೇ ಕಾಗದ ನೆನೆಸಿ ಕಿತ್ತು ಹೊಸದು ಅಂಟಿಸಿ, ಹಿಡಿಕೆಯ ಪಕ್ಕ ಅವಳು ಕೆಂಪಗೆ ಹಣ್ಣಾದ ಎಲೆಯೊಂದನ್ನಿಟ್ಟು ಅದರ ಮೇಲೆ ಇನ್ನೊಂದು ತುಂಡು ಹಚ್ಚಿದ ಮೇಲೆ, ಬಟ್ಟಲೆತ್ತಿ ಬಾಯ್ತುಂಬ ನೀರು ತುಂಬಿಕೊಳ್ಳುವರು, ಕೆನ್ನೆ ಎರಡೂ ಉಬ್ಬಿ, ಮಾತಾಡುವ ಹಾಗಿಲ್ಲವಲ್ಲ, ಕಣ್ಣಲ್ಲೇ ಗದರುವರು, ನೆಟ್ಟಗೆ ಹಿಡಿಯೇ ಅಂತ, ಅವಳು ಬೇಕೆಂದೇ ಚೌಕಟ್ಟನ್ನು ಓರೆ ಮಾಡಿ, ನುಂಗಿಬಿಡ್ರೀ, ಬಾಯಾರಿಕೆಯಾದರೂ ಹೋಗುತ್ತೆ ಎಂದು ಕಿಸಕ್ಕನೆ ನಗುವಳು, ಅವರು ನುಂಗುವುದೂ ಇಲ್ಲ ಚೆಲ್ಲುವುದೂ ಇಲ್ಲ, ಕಾಯುವರು, ಅವಳು ಸರಿಯಾಗಿ ಹಿಡಿದ ಮೇಲೇ ಕಾಗದದ ಮೇಲೆ ಫೂ — ಮಂಜಿನ ಹಾಗೆ, ಬಿಸಿಲಲ್ಲಿ ಬಣ್ಣಬಣ್ಣ, ಸಂಜೆಗೆ ಕಾಗದ ಬಿಗಿದು ಬೆರಳಿಂದ ತಟ್ಟಿದರೆ ಟಣ್ ಅನ್ನುತ್ತಿತ್ತು. ಇವತ್ತು ಬೆಳಿಗ್ಗೆ ಚಮಚದಲ್ಲಿ ನೀರು ಕೊಟ್ಟರೆ ನುಂಗಲಿಲ್ಲ, ಇನ್ನೊಂದು ಚಮಚ, ಮತ್ತೊಂದು, ಕೆನ್ನೆ ಉಬ್ಬಿತು, ನುಂಗಿ ತಾತಾ, ನುಂಗಿ ಅಂತ ನರ್ಸು ಗಲ್ಲ ತಟ್ಟಿದಳು, ಇವರ ಕಣ್ಣು ಕಿಟಕಿಯ ಕಡೆ ಹೊರಳಿತು, ಆಮೇಲೆ ಓಕ್‌ಬುನ್ ಕಡೆ, ಮತ್ತೆ ಕಿಟಕಿಯ ಕಡೆ, ಗದರಿದ ಹಾಗೆ, ಏನ್ರೀ ನಿಮ್ಮ ಹಟ ಎಂದು ತಾನೂ ಸಿಡುಕಿದಳು, ನೀರು ಕಟವಾಯಿಯಿಂದ ಇಳಿದು ಕುತ್ತಿಗೆ ನೆನೆಯಿತು, ನೋಡಿದ್ರಾ ಅಜ್ಜಿ, ಅಂದಳು ನರ್ಸು, ಮರೆತೇಹೋಗಿದೆ — ಮರೆತಿರಲಿಲ್ಲ. ಅಯ್ಯೋ, ಮರೆತಿರಲಿಲ್ಲ, ಕಾಯುತ್ತಿದ್ದರು, ಮರೆತದ್ದು ನಾನು, ಚೀಲದೊಳಗೆ ಫೋನು ಹೊಡೆದುಕೊಳ್ಳುತ್ತಿದೆ, ಮಗಳೋ ಡಾಕ್ಟರೋ, ಬೇಡ ಅನ್ನುವ ಮಾತು ನಾಲಗೆಯ ತುದಿಯಲ್ಲೇ ಇತ್ತಲ್ಲ, ಎಲ್ಲಿ ಹೋಯಿತು, ಕೈ ಮೇಲೇಳುತ್ತಿಲ್ಲ, ಕಿಟಕಿಯ ಕಡೆ ಹೊರಳಿದ ಕಣ್ಣು, ಉಬ್ಬಿದ ಕೆನ್ನೆ, ನೆಟ್ಟಗೆ ಹಿಡಿಯೇ, ನುಂಗದೆ, ಚೆಲ್ಲದೆ, ಬಾಯ್ತುಂಬ ನೀರು —