ಕೊನೆಯ ಹಿಡಿ ಎಣ್ಣೆ

ನಾನು ಒಂದು ಟೊಳ್ಳು ರಬ್ಬರ್ ಉಂಡೆ. ದೋಣಿಯ ಸೀಮೆಎಣ್ಣೆ ಡಬ್ಬಿಯಿಂದ ಇಂಜಿನ್ನಿಗೆ ಹೋಗುವ ಪೈಪಿನ ನಡುವೆ ನನ್ನ ಜಾಗ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನೇ. ಡಬ್ಬಿ ತುಂಬ ಎಣ್ಣೆಯಿದ್ದರೂ ನನ್ನನ್ನು ಹಿಂಡದೆ ಇಂಜಿನ್ನಿಗೆ ಸಿಗದು. ಆದರೂ ಕುಂಕುಮ ದೋಣಿಗೆ, ಹೂವಿನ ಹಾರ ಇಂಜಿನ್ನಿಗೆ. ನನಗೆ ಹಿಂಡುವುದೊಂದೇ.

ಯಾವುದೋ ಊರಿನ ಅಚ್ಚಿನಲ್ಲಿ ಬಿಸಿಬಿಸಿಯಾಗಿ ಹುಟ್ಟಿದೆ. ಕುಂದಾಪುರದ ಅಂಗಡಿಯ ಕೊಕ್ಕೆಯಲ್ಲಿ ತೂಗುತ್ತಿದ್ದವನನ್ನು ಕೋಡಿಯ ನಾಗ ಮರಕಾಲ ಕೊಂಡ. ಕೈ ನೋಡಿ ಮನುಷ್ಯನನ್ನು ಅಳೆಯುವುದು ನನ್ನ ಜಾಯಮಾನ. ನಾಗನದು ಒರಟು ಕೈ, ಒಳ್ಳೆಯ ಕೈ. ಎರಡು ಸಲ ಮೆಲ್ಲಗೆ, ಒಂದು ಸಲ ಜೋರಾಗಿ ಅದುಮುತ್ತಿದ್ದ. ಎಣ್ಣೆ ತುಂಬಿ ನಾನು ಗಟ್ಟಿಯಾದ ಮೇಲೆಯೇ ಇಂಜಿನ್ನಿನ ಹಗ್ಗ ಎಳೆಯುವುದು.

ಮಳೆಗಾಲಕ್ಕೆ ದೋಣಿಯನ್ನು ದಡದ ಮೇಲೆ ಹಾಕುವಾಗ ನಾಗ ಡಬ್ಬಿ ಬರಿದು ಮಾಡುತ್ತಿದ್ದ. ಇಂಜಿನ್ನನ್ನು ನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿ, ಒಳಗಿದ್ದ ಎಣ್ಣೆ ಮುಗಿದು ತಾನಾಗಿ ಆರುವವರೆಗೆ ಓಡಿಸುತ್ತಿದ್ದ. ಕೊನೆಗೆ ನನ್ನನ್ನು ಹಿಂಡಿ ಹೇಳುತ್ತಿದ್ದ: "ಹೊಟ್ಟಿ ಖಾಲಿ ಮಾಡಿ ಮನಿಕೊ. ಮಳಿ ಬಿಟ್ಟ್ ಮೇಲೆ ನಾನೇ ಏಳ್ಸ್ತೆ."

ಒಂದು ಯುಗಾದಿ ಕಳೆದ ಮೇಲೆ, ನಡುಗಡಲಿನಲ್ಲಿ ಇಂಜಿನ್ ನಿಂತಿತು. ನಾಗ ನನ್ನನ್ನು ಅದುಮಿದ. ಎರಡು ಸಲ ಮೆಲ್ಲಗೆ, ಒಂದು ಸಲ ಜೋರಾಗಿ. ನಾನು ಗಟ್ಟಿಯಾದೆ. ಇಂಜಿನ್ನಿನ ರೆಕ್ಕೆಗೆ ಸಿಕ್ಕಿದ ಬಲೆ ಬಿಡಿಸಲು ಅವನು ಹೊರಗೆ ಬಗ್ಗಿದಾಗ ಒಂದು ತೆರೆ ಬಂತು. ತೆರೆ ಹೋದ ಮೇಲೆ ಅವನಿರಲಿಲ್ಲ. ದೋಣಿ ತಾನೇ ತೇಲಿಕೊಂಡು ದಡ ಮುಟ್ಟಿತು. ಹೆಣ ಸಿಗಲಿಲ್ಲ.

ಅವನ ಹೆಂಡತಿ ಗುಲಾಬಿ ಬೊಜ್ಜ, ಅಂದರೆ ಸತ್ತವರ ಉತ್ತರಕ್ರಿಯೆ, ಮಾಡಿಸಲು ಒಪ್ಪಲಿಲ್ಲ. ದಿನಾ ಸಂಜೆ ದೋಣಿಯ ಚಪ್ಪರಕ್ಕೆ ಬಂದು ನನ್ನನ್ನು ಹಿಡಿದು ನೋಡುತ್ತಿದ್ದಳು. ಹಿಂಡುತ್ತಿರಲಿಲ್ಲ, ಬರೀ ಹಿಡಿಯುವುದು. ಗಂಡ ಅದುಮಿದ ಬಿಗಿ ನನ್ನೊಳಗೆ ಇನ್ನೂ ಇತ್ತು. ಅದು ಇರುವವರೆಗೆ ಅವನೂ ಇದ್ದಾನೆ ಎಂದು ಅವಳು ನಂಬಿದ್ದಳು. ನನಗೆ ಭಯವಾಗುತ್ತಿತ್ತು. ಸತ್ತವನ ಕೈಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕುವುದು ಸುಲಭವಲ್ಲ.

ಮೊದಲ ಮೋಡ ಕಟ್ಟಿದಾಗ ನಾಗನ ತಮ್ಮ ಹೆರಿಯ ಎಣ್ಣೆ ತೆಗೆಯಲು ಬಂದ. ಗುಲಾಬಿ ಅಡ್ಡ ನಿಂತಳು.

"ಮುಟ್ಬೇಡ ಹೆರಿಯ. ಅದ್ ಅವ್ರ್ ತುಂಬ್ಸಿಟ್ಟ್ ಹೋದ್ದ್. ಇನ್ನೂ ಗಟ್ಟಿ ಇತ್ತ್ ಕಾಣ್."

"ಅತ್ಗೆ, ಮಳಿ ಇಡೀ ಎಣ್ಣಿ ಒಳ್ಗೆ ನಿತ್ರೆ ಅಂಟ್ ಕಟ್ಟತ್ತ್. ಮಳಿ ಬಿಟ್ಟ್ ಮೇಲೆ ಇದ್ರಗೆ ಕಡ್ಲಿಗೆ ಹೋಪುದ್ ನಾನ್. ಅಳ್ವಿಯಗೆ ಇಂಜಿನ್ ನಿತ್ರೆ ನಾನೂ ಅಣ್ಣನ್ ಹಿಂದೆ ಹೋತೆ."

ಅಳಿವೆ ಎಂದರೆ ಹೊಳೆ ಕಡಲು ಸೇರುವ ಬಾಯಿ. ಅಲ್ಲಿ ಇಂಜಿನ್ ನಿಂತ ದೋಣಿಯನ್ನು ತೆರೆಗಳು ಮಗುಚಿ ಹಾಕುತ್ತವೆ. ಅದು ಗುಲಾಬಿಗೆ ಗೊತ್ತಿಲ್ಲದ್ದಲ್ಲ. ಹೆರಿಯನ ಮುಖವನ್ನೇ ಬಹಳ ಹೊತ್ತು ನೋಡಿದಳು.

"ಹಾಂಗಾರೆ ನಾನೇ ತೆಗಿತೆ," ಎಂದಳು.

ಡಬ್ಬಿಯಿಂದಲೂ ಇಂಜಿನ್ನಿನಿಂದಲೂ ಬಿಡಿಸಿದ ಪೈಪಿನ ತುದಿಗೆ ಚಿಮಣಿ ದೀಪದ ಬುಡ್ಡಿ ಹಿಡಿದು ನನ್ನನ್ನು ಅದುಮಿದಳು. ಎರಡು ಸಲ ಮೆಲ್ಲಗೆ, ಒಂದು ಸಲ ಜೋರಾಗಿ. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ನಾನು ಮೆತ್ತಗಾದೆ. ಅವಳು ಅಲ್ಲೇ ಕುಸಿದು, ಊರಿಗೆಲ್ಲ ಕೇಳುವಂತೆ ಅತ್ತಳು.

ಮುಸ್ಸಂಜೆಗೆ ಆ ಎಣ್ಣೆಯಲ್ಲಿ ದೀಪ ಹಚ್ಚಿ ಕಡಲಿಗೆ ಮುಖ ಮಾಡಿ ಇಟ್ಟಳು. ಕಪ್ಪು ಹೊಗೆ ಕಾರುತ್ತಾ ಉರಿದ ದೀಪ ಎಣ್ಣೆ ಮುಗಿದು ತಾನಾಗಿ ಆರಿತು. ಬೆಳಗಾದ ಮೇಲೆ ಬೊಜ್ಜಕ್ಕೆ ದಿನ ನೋಡಲು ಹೆರಿಯನಿಗೆ ಹೇಳಿದಳು.

ಹೆರಿಯ ಆ ವರ್ಷ ಅಳಿವೆ ದಾಟಿದ. ಆಮೇಲೆಯೂ ಎಷ್ಟೋ ವರ್ಷ ದಾಟಿದ. ನಾನು ಬಿರಿದ ಮೇಲೆ ಹೊಸ ಉಂಡೆ ತಂದ. ನನ್ನನ್ನು ಎಸೆಯಲು ಗುಲಾಬಿ ಬಿಡಲಿಲ್ಲ. ಚಪ್ಪರದ ಮೊಳೆಯೊಂದಕ್ಕೆ ತೂಗುಹಾಕಿದಳು. ಇಲ್ಲಿಂದ ಕಡಲು ಕಾಣುವುದಿಲ್ಲ, ಕೇಳುತ್ತದೆ.

ಮನುಷ್ಯರಿಗೆ ಬೊಜ್ಜ ಮಾಡಿದರೆ ಮುಗಿಯುತ್ತದೆಯೋ ಏನೋ. ಪ್ರತಿ ವರ್ಷ ಮಳೆ ಬಿಟ್ಟ ಮೊದಲ ದಿನ ಚಪ್ಪರದಲ್ಲಿ ಯಾರೂ ಇರುವುದಿಲ್ಲ. ಆದರೂ ಒಂದು ಒದ್ದೆ ಕೈ ನನ್ನನ್ನು ಹಿಡಿಯುತ್ತದೆ. ಎರಡು ಸಲ ಮೆಲ್ಲಗೆ, ಒಂದು ಸಲ ಜೋರಾಗಿ. ಏಳಿಸುತ್ತೇನೆ ಎಂದಿದ್ದನಲ್ಲ, ಮಾತು ತಪ್ಪುವವನಲ್ಲ. ಆದರೆ ಬಿರುಕಿನಿಂದ ಗಾಳಿ ಮಾತ್ರ ಬರುತ್ತದೆ. ಆ ಕೈ ಸ್ವಲ್ಪ ಹೊತ್ತು ಕಾಯುತ್ತದೆ. ಆಮೇಲೆ ಬಿಟ್ಟು ಹೋಗುತ್ತದೆ.