ಅಳಿಸುವ ಶುಕ್ರವಾರ

ಅಕ್ಟೋಬರಿನ ಒಂದು ಮಂಗಳವಾರ ಆರ್ವಿಲ್ ಪ್ರೂಯಿಟ್ ಕಾಲೇಜಿನ ನನ್ನ ಕಚೇರಿಗೆ ಬಂದರು. ಕೊರಳಿಗೆ ಸುತ್ತಿದ್ದ ಬಟ್ಟೆಯನ್ನು ಸರಿಮಾಡಿಕೊಂಡು, ಮಕ್ಕಳು ಬರೆಯುವ ಬಿಳಿ ಹಲಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದರು.

‘ನನ್ನ ಧ್ವನಿ ನಿಮ್ಮ ಹತ್ರ ಇದೆ. ಅದು ಬೇಕಾಗಿತ್ತು ಮೇಡಂ.’

ಉತ್ತರ ನನಗೆ ಚೆನ್ನಾಗಿಯೇ ಗೊತ್ತಿತ್ತು. ಅದಕ್ಕೇ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸುತ್ತಾ ಕೂತೆ.

ನಲವತ್ತು ವರ್ಷ ಈ ಊರಿನ ದನದ ಸಂತೆಯಲ್ಲಿ ಪ್ರತಿ ಶನಿವಾರ ಹರಾಜು ಕೂಗಿದ ಮನುಷ್ಯ ಅವರು. ಆಗಸ್ಟಿನಲ್ಲಿ ಗಂಟಲಲ್ಲೊಂದು ಗಂಟು ಊದಿಕೊಂಡು ಉಸಿರು ನಿಂತಿತಂತೆ. ಆಂಬುಲೆನ್ಸಿನಲ್ಲಿ ಹೊತ್ತೊಯ್ದವರು ಜೀವ ಉಳಿಸಿದರು, ಧ್ವನಿಪೆಟ್ಟಿಗೆಯನ್ನು ತೆಗೆದುಬಿಟ್ಟರು. ಮುಂಚೆ ಗೊತ್ತಿದ್ದರೆ ಧ್ವನಿಯನ್ನು ಒಂದಿಷ್ಟು ಮುದ್ರಿಸಿಟ್ಟುಕೊಳ್ಳಬಹುದಿತ್ತು. ಅಷ್ಟು ಪುರುಸೊತ್ತು ಸಿಗಲಿಲ್ಲ. ಇದನ್ನೆಲ್ಲ ಅವರು ಬರೆದು, ಒರೆಸಿ, ಮತ್ತೆ ಬರೆದು ಹೇಳಿದರು. ಆಸ್ಪತ್ರೆಯವರು ಕೊಟ್ಟ ಮಾತಾಡುವ ಯಂತ್ರ ಜೇಬಿನಲ್ಲೇ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ.

‘ಅದು ಚೆನ್ನಾಗಿಲ್ವಾ?’ ಅಂದೆ.

‘ಚೆನ್ನಾಗೇ ಇದೆ. ನೋರಿನ್ ಬೆಚ್ಚಿ ಬೀಳ್ತಾಳೆ’ ಎಂದು ಬರೆದರು.

ನೋರಿನ್ ಅವರ ಹೆಂಡತಿ. ಸಕ್ಕರೆ ಕಾಯಿಲೆಯಿಂದ ಆಕೆಯ ಎರಡೂ ಕಣ್ಣು ಹೋಗಿ ಏಳು ವರ್ಷವಾಗಿತ್ತು. ಗಂಡ ಹಲಗೆಯ ಮೇಲೆ ಬರೆದದ್ದು ಆಕೆಗೆ ಕಾಣುವುದಿಲ್ಲ. ಯಂತ್ರದಲ್ಲಿ ಅಕ್ಷರ ಒತ್ತಿದರೆ ಯಾರೋ ಅಪರಿಚಿತ ಗಂಡಸು ‘ನೋರಿನ್, ಮಾತ್ರೆ ತಗೊಂಡ್ಯಾ’ ಅನ್ನುತ್ತಾನೆ. ಬ್ಯಾಂಕಿನವನು ಅಡುಗೆಮನೆಗೇ ನುಗ್ಗಿದ ಹಾಗಿದೆ ಅನ್ನುತ್ತಾಳಂತೆ ಆಕೆ. ಮೊದಮೊದಲು ನಕ್ಕಳಂತೆ, ಈಗ ನಗುವುದಿಲ್ಲವಂತೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಒಂದು ದಾರಿ ತೋರಿಸಿದ್ದಳು. ಒಂದೇ ಒಂದು ಗಂಟೆ ಗಲಾಟೆಯಿಲ್ಲದ ಹಳೆಯ ಧ್ವನಿಮುದ್ರಣ ತಂದುಕೊಟ್ಟರೆ ಸಾಕು, ಯಂತ್ರ ಆರ್ವಿಲ್ ಅವರ ಧ್ವನಿಯಲ್ಲೇ ಮಾತಾಡುವ ಹಾಗೆ ಮಾಡಬಹುದು. ಮನೆಯಲ್ಲಿ ಹುಡುಕಿದರು. ಯಾರದೋ ಫೋನಿನಲ್ಲಿ ಹರಾಜಿನ ಎರಡು ತುಣುಕು ಸಿಕ್ಕಿದವು. ‘ನನಗಿಂತ ಹಸುಗಳೇ ಜಾಸ್ತಿ ಮಾತಾಡಿವೆ’ ಎಂದು ಬರೆದು ಆರ್ವಿಲ್ ಭುಜ ಕುಣಿಸಿದರು. ಅದು ಅವರ ಈಗಿನ ನಗು. ಆಮೇಲೆ ಬರೆದರು: ‘ನಿಮ್ಮ ಕಾಲೇಜಿನ ಹುಡುಗಿ ಆರು ಗಂಟೆ ನನ್ನ ಮಾತು ರೆಕಾರ್ಡ್ ಮಾಡ್ಕೊಂಡಿದ್ಳು. ನಮ್ಮ ಅಡುಗೆಮನೇಲೇ.’

‘ಒಂದು ದಿನ ಟೈಮ್ ಕೊಡಿ’ ಅಂದೆ. ಸುಳ್ಳುಬುರುಕಿ ನಾನು. ಅವರು ಎದ್ದು ಹ್ಯಾಟು ಮುಟ್ಟಿ ವಂದಿಸಿ ಹೋದರು.

ನಮ್ಮದು ಓಹಾಯೋ ಗುಡ್ಡಗಳ ನಡುವಿನ ಒಂದು ಸಣ್ಣ ಕಾಲೇಜು. ಇದರ ಆನರ್ಸ್ ತರಗತಿಯನ್ನು ಕಟ್ಟಿ ಬೆಳೆಸಿದವಳು ನಾನೇ. ಬೇರೆ ಕಡೆ ಆನರ್ಸ್ ಅಂದರೆ ಬುದ್ಧಿವಂತ ಮಕ್ಕಳಿಗೆ ಇನ್ನಷ್ಟು ಪುಸ್ತಕ. ನಮ್ಮಲ್ಲಿ ಬುದ್ಧಿ ಇದ್ದವರು ಊರಿಗೆ ಉಪಯೋಗಕ್ಕೆ ಬರಬೇಕು. ವರ್ಷಕ್ಕೆ ಇಪ್ಪತ್ತೇ ಮಕ್ಕಳು. ಮೊದಲ ವರ್ಷ ಉಚಿತ ಊಟದ ಮನೆಯಲ್ಲಿ ಸೂಪು ಬಡಿಸುತ್ತಾರೆ, ಕೊನೆಯ ವರ್ಷ ಊರಿನವರ ಬದುಕನ್ನು ಅವರ ಬಾಯಿಂದಲೇ ಕೇಳಿ ಬರೆಯುತ್ತಾರೆ. ಒಳ್ಳೆಯದು ಮಾಡುವುದನ್ನು ಕಲಿಸಬಹುದು ಎಂದು ನಂಬಿದ್ದ ಕಾಲ ಅದು. ಈಗಲೂ ನಂಬುತ್ತೇನೆ, ಸ್ವಲ್ಪ ತಗ್ಗಿದ ದನಿಯಲ್ಲಿ.

ಹನ್ನೊಂದು ವರ್ಷದ ಹಿಂದೆ ನಮ್ಮ ಹುಡುಗನೊಬ್ಬ ಗೋದಾಮಿನ ಕೆಲಸದವಳೊಬ್ಬಳು ಅಲ್ಲಿನ ಕಷ್ಟ ಹೇಳಿಕೊಂಡದ್ದನ್ನು ಮುದ್ರಿಸಿಕೊಂಡು, ಮೆಚ್ಚಿ, ಗೆಳೆಯರಿಗೆ ಕೇಳಿಸಿದ. ಅದು ಕೈಯಿಂದ ಕೈಗೆ ಹೋಗಿ ಅವಳ ಮೇಲಧಿಕಾರಿಯ ಕಿವಿಗೂ ಬಿತ್ತು. ಅವಳ ಕೆಲಸ ಹೋಯಿತು. ಅವಳು ಕಾಲೇಜಿನ ಮೆಟ್ಟಿಲ ಮೇಲೆ ಕೂತು ಅತ್ತದ್ದನ್ನು ನಾನು ಮರೆಯಲಾರೆ. ಆಗ ನಿಯಮ ಮಾಡಿದೆ. ಹೆಸರು ಬದಲಿಸಬೇಕು. ಮಾತನ್ನು ಕಾಗದಕ್ಕಿಳಿಸಿದ ಮೇಲೆ ಧ್ವನಿಯನ್ನು ಅಳಿಸಿಬಿಡಬೇಕು, ಎಲ್ಲಿಯೂ ನಕಲು ಇರಕೂಡದು. ಪದವಿ ಸಮಾರಂಭಕ್ಕೆ ಮುಂಚಿನ ಶುಕ್ರವಾರ ಮಕ್ಕಳೆಲ್ಲ ಒಂದು ಕೋಣೆಯಲ್ಲಿ ಕೂತು, ನನ್ನ ಕಣ್ಣೆದುರಿಗೇ ಅಳಿಸಿ, ಸಹಿ ಹಾಕಬೇಕು. ಡೋನಟ್ ನಾನೇ ತರುತ್ತಿದ್ದೆ. ಮಕ್ಕಳು ಅದಕ್ಕೆ ‘ಅಳಿಸುವ ಶುಕ್ರವಾರ’ ಎಂದು ಹೆಸರಿಟ್ಟು, ಅಳುವ ಹಾಗೆ ನಟಿಸಿ ತಮಾಷೆ ಮಾಡುತ್ತಿದ್ದರು.

ಈ ಮೇ ತಿಂಗಳಿನ ಶುಕ್ರವಾರ ಡೆಲೇನಿ ವಿಕರ್ಸ್ ತಮಾಷೆ ಮಾಡಲಿಲ್ಲ. ಆರ್ವಿಲ್ ಅವರನ್ನು ಮಾತಾಡಿಸಿದವಳು ಅವಳೇ. ಎಲ್ಲರದೂ ಮುಗಿದರೂ ಅವಳು ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದಳು.

‘ಪ್ರೊಫೆಸರ್, ಇದೊಂದನ್ನ ಇಟ್ಕೋಬಹುದಾ? ಅವರಿಗೇ ಕೊಟ್ಬಿಡ್ತೀನಿ.’

‘ಪ್ರತಿ ಬೇಕಾ ಅಂತ ಒಪ್ಪಿಗೆ ಕಾಗದದಲ್ಲಿ ಅವರನ್ನ ಕೇಳಿದ್ದೀಯ ತಾನೆ? ಏನಂದ್ರು?’

‘ಬೇಡ ಅಂದ್ರು. ನನ್ ಧ್ವನಿ ನನಗ್ಯಾಕಮ್ಮಾ, ದಿನಾ ಕೇಳಿ ಕೇಳಿ ಸಾಕಾಗಿದೆ ಅಂತ ನಕ್ರು. ಆದ್ರೆ... ಒಂದ್ಸಲ ಫೋನ್ ಮಾಡಿ ಕೇಳ್ಲಾ?’

‘ಬೇಡ ಅಂದವರನ್ನ ಮತ್ತೆ ಮತ್ತೆ ಕೇಳೋದು ಬಲವಂತ. ಇದನ್ನ ನಾಲ್ಕು ವರ್ಷ ಹೇಳಿಕೊಟ್ಟಿದ್ದೀನಿ. ನಿನಗೆ ಇಷ್ಟ ಆಯ್ತು ಅನ್ನೋದು ಕಾರಣ ಆಗಲ್ಲ ಡೆಲೇನಿ. ಅದು ಅವರದ್ದು, ನಿನ್ನದಲ್ಲ.’

ಎಷ್ಟು ಚೆನ್ನಾಗಿ ಮಾತಾಡಿದ್ದೆ! ಅವಳು ಅಳಿಸುವ ಗುಂಡಿ ಒತ್ತಿದಳು, ಸಹಿ ಹಾಕಿದಳು. ಕೆಳಗೆ ನಾನೂ ಹಾಕಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅಂತ ಗಾದೆ ಹೇಳುವವರಿಗೇನು, ಕೆಡುವಾಗ ನಾವು ಬುದ್ಧಿವಂತರ ಹಾಗೆಯೇ ಕಾಣುತ್ತಿರುತ್ತೇವೆ.

ಆರ್ವಿಲ್ ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು ಡೆಲೇನಿಗೆ ಫೋನು ಮಾಡಿದೆ. ಅವಳೀಗ ಕೊಲಂಬಸ್‌ನಲ್ಲಿ ಮನೆಯಿಲ್ಲದವರ ಆಶ್ರಯದಲ್ಲಿ ಕೆಲಸ ಮಾಡುತ್ತಾಳೆ. ಗಂಟೆ ಹೊಡೆದುಕೊಳ್ಳುವಷ್ಟು ಹೊತ್ತು ನಾನು ದೇವರನ್ನು ಬೇಡಿಕೊಂಡೆ. ಇಪ್ಪತ್ತೆರಡು ವರ್ಷದ ಪಾಠದಲ್ಲಿ ಮೊದಲ ಸಲ, ನನ್ನ ವಿದ್ಯಾರ್ಥಿನಿ ನನಗೆ ಮೋಸ ಮಾಡಿರಲಿ ಎಂದು ಬೇಡಿಕೊಂಡೆ. ಎಲ್ಲೋ ಒಂದು ಕಳ್ಳ ನಕಲು ಬಚ್ಚಿಟ್ಟಿರಲಿ. ಎದುರಿಗೆ ಹೂಂ ಅಂದು ಹಿಂದಿನಿಂದ ನನ್ನ ಕಣ್ಣಿಗೆ ಮಣ್ಣೆರಚಿರಲಿ.

ವಿಷಯ ಹೇಳಿದೆ.

‘ಡೆಲೇನಿ, ನಾನು ಬೈಯಲ್ಲ. ಪದವಿ ವಾಪಸ್ ಕಿತ್ಕೊಳ್ಳಲ್ಲ. ನಿಜ ಹೇಳು. ಒಂದು ಪ್ರತಿ ಇಟ್ಕೊಂಡಿದ್ದೀಯಾ?’

‘ಇಲ್ಲ ಪ್ರೊಫೆಸರ್.’

‘ಫೋನಲ್ಲಿ? ಹಳೇ ಕಂಪ್ಯೂಟರಲ್ಲಿ?’

‘ಮನೆಗೆ ಹೋಗಿ ಅದರಲ್ಲಿದ್ದಿದ್ದನ್ನೂ ಅಳಿಸಿದೆ. ನೀವು ಎಲ್ಲ ಕಡೆ ಅಂದಿದ್ರಿ. ಆವತ್ತು ರಾತ್ರಿ ಕೂತು ಹುಡುಕಿ ಹುಡುಕಿ ಅಳಿಸಿದೆ.’ ಅವಳ ದನಿ ಒಡೆಯಿತು. ‘ಅವರು ಅಷ್ಟು ಚೆನ್ನಾಗಿ ಮಾತಾಡ್ತಿದ್ರು. ನನಗೆ ಇಟ್ಕೋಬೇಕು ಅನ್ನಿಸ್ತು. ಅನ್ನಿಸಿದ್ದಕ್ಕೇ ನಾನು ಕೆಟ್ಟವಳೇನೋ ಅನ್ಕೊಂಡೆ. ನೀವೇ ಹೇಳಿದ್ರಲ್ಲ...’

ಹೌದು, ನಾನೇ ಹೇಳಿದ್ದೆ. ಇಪ್ಪತ್ತು ಮಕ್ಕಳಲ್ಲಿ ಅವಳಷ್ಟು ಒಳ್ಳೆಯ ಹುಡುಗಿ ಇರಲಿಲ್ಲ. ಒಂದಿಷ್ಟು ಪೋಕರಿ ಹುಡುಗಿಯಾಗಿದ್ದರೆ ಏನು ಗಂಟು ಹೋಗುತ್ತಿತ್ತು? ಅವಳನ್ನು ಸಮಾಧಾನ ಮಾಡುವಷ್ಟು ಯೋಗ್ಯತೆ ನನಗಿರಲಿಲ್ಲ. ಮಾಡಲು ಪ್ರಯತ್ನಪಟ್ಟೆ, ಇಬ್ಬರೂ ಅತ್ತು ಫೋನು ಇಟ್ಟೆವು. ಕಾಲೇಜಿನ ಕಂಪ್ಯೂಟರು ನೋಡಿಕೊಳ್ಳುವವನನ್ನೂ ಕೇಳಿದೆ. ‘ಮೇಡಂ, ಒಂದು ಚೂರೂ ಉಳೀಬಾರದು ಅಂತ ಆ ವ್ಯವಸ್ಥೆ ಮಾಡಿಸಿದ್ದು ನೀವೇ ಅಲ್ವಾ?’ ಅಂದ ಅವನು. ವ್ಯವಸ್ಥೆ ಬಹಳ ಚೆನ್ನಾಗಿ ಕೆಲಸ ಮಾಡಿತ್ತು.

ಮರುದಿನ ಆರ್ವಿಲ್ ಅವರ ಮನೆಗೆ ನಾನೇ ಹೋದೆ. ಕೈಯಲ್ಲಿ ಡೆಲೇನಿ ಬರೆದ ಎಂಬತ್ತು ಹಾಳೆಗಳಿದ್ದವು. ಆರ್ವಿಲ್ ಬಾಗಿಲು ತೆರೆದು ಮೊದಲು ನನ್ನ ಮುಖ ನೋಡಿದರು, ಆಮೇಲೆ ಹಾಳೆಗಳನ್ನು. ದನ ಕೊಳ್ಳುವವರ ಮುಖ ನೋಡಿ ನಲವತ್ತು ವರ್ಷ ಬದುಕಿದವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ನೋರಿನ್ ಅಡುಗೆಮನೆಯ ಮೇಜಿನ ಹತ್ತಿರ ಕೂತು ಬೆರಳಿನಿಂದ ತಡವುತ್ತಾ ಸೇಬಿನ ಸಿಪ್ಪೆ ತೆಗೆಯುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ನಿಯಮದ ಬಗ್ಗೆ ಜಾಸ್ತಿ ಹೇಳಲಿಲ್ಲ, ಅಳಿಸಿದವಳು ನಾನು ಎಂದೆ.

‘ಹುಡುಗೀನ ಬೈಬೇಡಿ’ ಅಂದರು ನೋರಿನ್. ‘ಬಾಳೆಹಣ್ಣಿನ ಬ್ರೆಡ್ ಮಾಡ್ಕೊಂಡು ಬರ್ತಿದ್ಳು ಪಾಪ. ಇದ್ದಿಲಾಗಿರ್ತಿತ್ತು.’ ಸೇಬನ್ನು ತಿರುಗಿಸಿ ಹಿಡಿದು, ‘ಆ ಹಾಳೇಲಿ ಏನಿದೆ? ಓದಿ ನೋಡೋಣ’ ಅಂದರು.

ಓದಿದೆ. ಅದರಲ್ಲಿ ಆರ್ವಿಲ್ ಹೆಸರು ಡೇಲ್. ಮಧ್ಯದ ಒಂದು ಹಾಳೆ ತೆರೆದುಕೊಂಡಿತು. ಡೇಲ್‌ಗೆ ಆಗ ಇಪ್ಪತ್ತಮೂರು. ಹರಾಜಿಗೆ ಬಂದು ಎರಡನೇ ಸಾಲಿನಲ್ಲಿ ಕೂತ ಹುಡುಗಿಯೊಬ್ಬಳು ಮೂಗು ಕೆರೆದುಕೊಂಡದ್ದನ್ನು ಬೇಕೆಂದೇ ಸವಾಲು ಅಂತ ಲೆಕ್ಕ ಹಿಡಿದು, ಒಂದು ಕುಂಟ ಕರುವನ್ನು ಅವಳ ಹೆಸರಿಗೆ ಕೂಗಿಬಿಟ್ಟ. ಅವಳಪ್ಪ ಕೋಲು ಹಿಡಿದು ಬಂದ. ಕ್ಷಮೆ ಕೇಳುವ ನೆಪದಲ್ಲಿ ಡೇಲ್ ಅವರ ಮನೆಗೆ ಹೋದ, ಮತ್ತೆ ಹೋದ.

ನೋರಿನ್ ಜೋರಾಗಿ ನಕ್ಕರು. ‘ಬೇಕೂಂತಲೇ ಮಾಡಿದ್ದಂತಾ? ನಲವತ್ತು ವರ್ಷ ನನ್ನ ಹತ್ರ ಕಣ್ತಪ್ಪಿಂದ ಆಯ್ತು ಅಂತ ಹೇಳ್ಕೊಂಡೇ ಬಂದಿದ್ದಾನಲ್ಲ ಇವ್ನು! ಆ ಕಾಲೇಜು ಹುಡುಗಿ ಹತ್ರ ಬಾಯ್ಬಿಟ್ನಾ?’

ಆರ್ವಿಲ್ ಕಿಟಕಿಯ ಹತ್ತಿರ ನಿಂತು ಕೆಂಪಗಾದರು.

‘ಹೇಗೆ ಹೇಳ್ದ ಅದನ್ನ?’ ನೋರಿನ್ ನನ್ನ ಕಡೆಗೆ ಬಾಗಿದರು. ‘ನನ್ನ ಬಗ್ಗೆ ಹೇಳೋವಾಗ ಇವನ ಧ್ವನಿ ಕೆಳಗಿಳಿಯುತ್ತೆ. ಅಲ್ಲಿ ಇಳೀತಾ? ಮಧ್ಯೆ ನಗು ಬಂತಾ? ನೀವು ಕೇಳಿದ್ದೀರಲ್ಲ, ಹೇಳಿ.’

ಹಾಳೆಯನ್ನು ಮೇಜಿನ ಮೇಲಿಟ್ಟೆ. ನಗು, ತಡವರಿಕೆ, ಕೆಮ್ಮು ಎಲ್ಲವನ್ನೂ ತೆಗೆದು ಶುದ್ಧವಾಗಿ ಬರೆಯಲು ನಾನೇ ಕಲಿಸಿದ್ದೆ.

‘ಇಲ್ಲ, ನಾನು ಕೇಳಲಿಲ್ಲ’ ಅಂದೆ.

‘ಒಂದ್ಸಲಾನೂ?’

‘ಒಂದ್ಸಲಾನೂ ಇಲ್ಲ. ಬರೀ ಸಹಿ ಹಾಕಿದೆ.’

ಆಕೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಚಾಕುವನ್ನು ಕೆಳಗಿಟ್ಟು, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಮುಖವನ್ನು ಕೋಣೆಯ ಒಂದು ಮೂಲೆಗೆ ತಿರುಗಿಸಿದರು. ಅಲ್ಲಿ ಯಾರೂ ಇರಲಿಲ್ಲ. ಬರೀ ಕೋಟು ತೂಗುಹಾಕುವ ಗೂಟಗಳಿದ್ದವು.

‘ಆರ್ವಿಲ್’ ಅಂದರು. ‘ಇಲ್ಲೇ ಇದ್ದೀಯಾ?’

ಅವರು ಇಲ್ಲೇ ಇದ್ದರು. ಆಕೆಯ ಬೆನ್ನ ಹಿಂದೆ, ಕಿಟಕಿಯ ಪಕ್ಕ. ಜೇಬಿಗೆ ಕೈ ಹಾಕಿದರು, ಯಂತ್ರವನ್ನು ಮುಟ್ಟಿ ಅಲ್ಲೇ ಬಿಟ್ಟರು. ಬೂಟುಗಾಲಿನಲ್ಲಿ ನಿಧಾನವಾಗಿ ನಡೆದು ಬಂದು, ಹೆಂಡತಿಯ ಎದುರಿನ ಮೇಜನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು.